ಸೂತಕದಲ್ಲಿ ಕಿರೀಟ

ಆ ವಾರ ನಮ್ಮ ಮನೆಯಲ್ಲಿ ಇಂಗ್ಲೆಂಡಿನ ಸಿಂಹಾಸನ ಯಾರಿಗೆ ಸೇರಬೇಕು ಎಂಬುದರ ಬಗ್ಗೆ ನಾಲ್ಕು ಅಭಿಪ್ರಾಯಗಳಿದ್ದವು. ಪಾತ್ರೆ ತೊಳೆಯುವ ಯಂತ್ರವನ್ನು ಯಾರು ಖಾಲಿ ಮಾಡಬೇಕು ಎಂಬುದರ ಬಗ್ಗೆ ಒಂದೂ ಇರಲಿಲ್ಲ. ಅದನ್ನು ನಾನೇ ಮಾಡಿದೆ.

ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಾನು ಹುಬ್ಬಳ್ಳಿಯ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನೆಂಟು ವರ್ಷ ಬೇರೆಯವರ ವಾಕ್ಯ ತಿದ್ದಿ, ಆ ಕುರ್ಚಿ ಬಿಟ್ಟು ಜೊತೆಗೆ ಬಂದೆ. ಮಗಳಿಗೆ ಆಗ ಒಂಬತ್ತು ವರ್ಷ ತುಂಬಿತ್ತು. ಈಗ ಏಳನೆಯ ಕ್ಲಾಸು. ಇಲ್ಲಿ ಅಂಕ ಒಂದರಿಂದ ಆರರವರೆಗೆ; ಒಂದು ಎಂದರೆ ಅತ್ಯುತ್ತಮ, ಐದು ಎಂದರೆ ಫೇಲು, ಆರು ಎಂದರೆ ಮಾತೇ ಬೇಡ. ಎರಡು ವಿಷಯಗಳಲ್ಲಿ ಐದು ಬಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಬೇಕು. ಜರ್ಮನ್ ಭಾಷೆಯಲ್ಲಿ ಅವಳಿಗೆ ಐದು ಖಚಿತವಾಗಿತ್ತು. ಇತಿಹಾಸ ನಾಲ್ಕಕ್ಕೂ ಐದಕ್ಕೂ ನಡುವೆ ತೂಗಾಡುತ್ತಿತ್ತು. ಜೂನ್ ಕೊನೆಗೆ ಕ್ಲಾಸಿನ ಮುಂದೆ ನಿಂತು ಒಂದು ರೆಫೆರಾಟ್, ಅಂದರೆ ವಿಷಯ ಮಂಡನೆ ಮಾಡಬೇಕಿತ್ತು. ಅದರಲ್ಲಿ ಮೂರು ಬಂದರೆ ಪಾರು. ಇಲ್ಲವಾದರೆ, ಎರಡು ವರ್ಷ ಊಟದ ಬಿಡುವಿನಲ್ಲಿ ಒಬ್ಬಳೇ ಕೂತು ಕೊನೆಗೂ ಸಂಪಾದಿಸಿದ ಇಬ್ಬರು ಗೆಳತಿಯರು ಎಂಟನೆಯ ಕ್ಲಾಸಿಗೆ ಹೋಗುತ್ತಾರೆ, ಇವಳು ಉಳಿಯುತ್ತಾಳೆ.

ವಿಷಯ ಸಾವಿರದ ಅರವತ್ತಾರನೆಯ ಇಸವಿಯದು. ಇಂಗ್ಲೆಂಡಿನ ರಾಜ ಮಕ್ಕಳಿಲ್ಲದೆ ಸತ್ತ. ನಾಲ್ಕು ಜನ ಸಿಂಹಾಸನ ನಮ್ಮದು ಎಂದರು. ಸತ್ತ ರಾಜನ ಹೆಂಡತಿಯ ಸೋದರ, ಕಡಲಾಚೆಯ ಒಬ್ಬ ಡ್ಯೂಕ್, ನಾರ್ವೆಯ ರಾಜ, ಮತ್ತೆ ಒಬ್ಬ ಹುಡುಗ. ನಾನು ಇಲ್ಲಿ ಹೆಸರು ಬರೆಯುತ್ತಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಮಾತಾಡಲಿಲ್ಲ. ಇಬ್ಬರ ಹೆಸರಂತೂ ಹೆಚ್ಚುಕಡಿಮೆ ಒಂದೇ. ಅದೇ ಸಾಕಿತ್ತು ತಲೆ ಕೆಡಿಸಲು. ಟೀಚರ್ ಚೀಟಿ ಎತ್ತಿಸಿ ನಾಲ್ಕು ಮಕ್ಕಳಿಗೆ ನಾಲ್ವರನ್ನು ಹಂಚಿದ್ದರು. ಪ್ರತಿಯೊಬ್ಬರೂ ತಮ್ಮವನ ಪರವಾಗಿ ವಾದಿಸಬೇಕು, ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದು ವಾರ ಮೊದಲೇ ಒಪ್ಪಿಸಬೇಕು, ಕೊನೆಗೆ ಕ್ಲಾಸು ಓಟು ಹಾಕುತ್ತದೆ.

ನನ್ನ ಮಗಳಿಗೆ ಬಂದದ್ದು ಹುಡುಗ.

ಆ ಸಂಜೆಯೇ ಮುಂದಿನ ಬೀದಿಯ ಕನ್ನಡಿಗರೊಬ್ಬರು ಫೋನು ಮಾಡಿದರು. ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸ, ಮಗ ನನ್ನ ಮಗಳ ಕ್ಲಾಸಿನಲ್ಲೇ ಓದುತ್ತಾನೆ.

"ಗುರು, ನಮ್ಮವನಿಗೆ ಡ್ಯೂಕ್ ಬಂದಿದಾನೆ! ಜಾಕ್‌ಪಾಟ್. ಹಿಸ್ಟರಿಲಿ ಗೆದ್ದವನೇ ಅವನು, ಇನ್ನೇನು ಪ್ರಿಪೇರ್ ಮಾಡೋದು ಹೇಳಿ. ನಿಮ್ಮ ಮಗಳಿಗೆ ಯಾರು?"

"ಹುಡುಗ," ಎಂದೆ.

"ಯಾವ ಹುಡುಗ?"

"ನಾಲ್ಕನೆಯವನು."

"ಅಯ್ಯೋ, ಅವನು ಶಾರ್ಟ್‌ಲಿಸ್ಟಲ್ಲೇ ಇರ್ಲಿಲ್ವಲ್ಲ ಗುರು." ನಿಜವಾದ ಅನುಕಂಪ ಅವರ ದನಿಯಲ್ಲಿತ್ತು. "ನಮ್ದು ನೋಡಿ, ಕೇಸ್ ಸಖತ್ ಸ್ಟ್ರಾಂಗು. ಸತ್ತ ರಾಜ ಇವನಿಗೆ ಪ್ರಾಮಿಸ್ ಮಾಡಿದ್ದ. ಆ ರಾಣಿ ಬ್ರದರೂ ಇವನಿಗೇ ಸಪೋರ್ಟ್ ಮಾಡ್ತೀನಿ ಅಂತ ಆಣೆ ಇಟ್ಟಿದ್ದ. ಡಾಕ್ಯುಮೆಂಟೇಷನ್ ಪಕ್ಕಾ."

"ಡಾಕ್ಯುಮೆಂಟ್ ಎಲ್ಲಿದೆ?"

"ಅಂದ್ರೆ... ಡ್ಯೂಕ್ ಕಡೆಯವರೇ ಬರೆದಿದಾರಲ್ಲ."

ನಾನು ಫೋನು ಇಟ್ಟೆ. ಫಲಾನುಭವಿಯೇ ಸಾಕ್ಷಿಯಾದ ಸುದ್ದಿಯನ್ನು ನಾನು ಎಂದೂ ಒಳಪುಟಕ್ಕೂ ಬಿಟ್ಟವನಲ್ಲ. ಇದನ್ನು ಒಂದು ಪೇಟೆಯ ತುಂಬಾ ಇಂಜಿನಿಯರುಗಳಿಗೆ ಹೇಗೆ ವಿವರಿಸುವುದು?

ಆಗ ನಮ್ಮ ಅತ್ತೆ ಧಾರವಾಡದಿಂದ ಮೂರು ತಿಂಗಳ ವೀಸಾದಲ್ಲಿ ಬಂದಿದ್ದರು. ಅವರಿಗೆ ಇಲ್ಲಿ ಮಾತಾಡಲು ನಾವು ಮೂವರು, ನೋಡಲು ಒಂದು ಬಾಲ್ಕನಿ. ಹೀಗಾಗಿ ಈ ರಾಜನ ಸಾವು ಅವರಿಗೆ ಬಲವಾದ ಆಸರೆ ಆಯಿತು. ಮಗಳು ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡಿದ್ದಳು, ಅತ್ತೆ ಎದುರಿಗೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಅಜ್ಜಿಯ ಜೊತೆಗೆ ಮಾತ್ರ ನನ್ನ ಮಗಳು ಪೂರ್ತಿ ಕನ್ನಡದಲ್ಲಿ ಮಾತಾಡುತ್ತಾಳೆ. ನನಗೆ ಬರುವುದು ಹೆಚ್ಚಾಗಿ ಜರ್ಮನ್ ಉತ್ತರ; ಇಲ್ಲಿ ಅದನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಸತ್ತಾಂವಗ ಮಕ್ಕಳ ಇಲ್ಲ?" ಅತ್ತೆ ವಿಚಾರಣೆ ಶುರು ಮಾಡಿದರು.

"ಇಲ್ಲ ಅಜ್ಜಿ."

"ಅಣ್ಣತಮ್ಮಂದಿರು?"

"ಒಬ್ಬ ಅಣ್ಣ ಇದ್ದ. ಹಾಫ್ ಬ್ರದರ್. ಅಪ್ಪ ಒಬ್ಬನೇ, ಅಮ್ಮ ಬೇರೆ. ಅವನು ಯಾವತ್ತೋ ಸತ್ತಿದ್ದ."

"ಅಪ್ಪ ಒಬ್ಬನ ಅಂದಮ್ಯಾಲ ಮುಗೀತು. ಹಾಫೂ ಇಲ್ಲ ಗೀಫೂ ಇಲ್ಲ. ಅವನ ಮಗಾ?"

"ಅವನೂ ಸತ್ತ. ಅವನ ಮಗ ಈ ಹುಡುಗ. ನನ್ನಷ್ಟೇ ಇದ್ದ. ಹಂಗೇರಿಯಲ್ಲಿ ಹುಟ್ಟಿದ್ದು, ಆಮೇಲೆ ಇಂಗ್ಲೆಂಡಿಗೆ ಬಂದಿದ್ದು."

ಅತ್ತೆ ಬೀನ್ಸ್ ಕೆಳಗಿಟ್ಟರು. "ಹಂಗಾರ ರಾಜಗ ಮೊಮ್ಮಗ ಇದ್ದಾನಲ್ಲ! ಮೊಮ್ಮಗ ಮನ್ಯಾಗ ಇರಬೇಕಾದ್ರ ಹೆಂಡ್ತಿ ಕಡಿಯಾಂವ ಯಾಕ ಬಂದು ಕುಂತಾ?"

"ರಾಜ ಸಾಯೋವಾಗ ಅವನಿಗೇ ಕೊಟ್ಟ ಅಂತೆ."

"ಕೊಳ್ಳಿ ಯಾರು ಇಟ್ಟರು?"

"ಸುಡಲಿಲ್ಲ ಅಜ್ಜಿ, ಹೂಳಿದರು."

"ಮಣ್ಣು ಯಾರು ಹಾಕಿದರು ಮತ್ತ? ಹುಡುಗನ ಕೈಲೆ ಹಾಕಿಸಿದರೋ ಇಲ್ಲೋ?"

ಮಗಳು ಪುಸ್ತಕ ತಿರುವಿದಳು. ಅದರಲ್ಲಿ ಅಂಥ ವಿವರ ಇರಲಿಲ್ಲ. ಇದ್ದದ್ದು ಇಷ್ಟೇ: ರಾಜನನ್ನು ಹೂಳಿದ ದಿನವೇ ರಾಣಿಯ ಸೋದರ ಕಿರೀಟ ಇಟ್ಟುಕೊಂಡ.

"ಅವತ್ತ?" ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಂದ್ರ, ನೀವು ಪೇಪರಿನ್ಯಾಗ ಇದ್ದವರು. ಕೇಳ್ರಿ ಇದನ್ನ. ಸೂತಕದಾಗ ಪಟ್ಟಾ ಕಟಗೊಂಡಾನ! ಹದಿಮೂರು ದಿನಾ ಹೋಗ್ಲಿ, ಮೂರು ದಿನಾನೂ ತಡೀಲಿಲ್ಲ. ಇಂಥಾವಂದು ಉದ್ಧಾರ ಆಗೂದೇನು?"

ಅದೇ ವರ್ಷ ಆತ ಯುದ್ಧದಲ್ಲಿ ಸತ್ತನೆಂದು ನಾನು ಹೇಳಲಿಲ್ಲ. ಹೇಳಿದ್ದರೆ ಅದು ಸೂತಕದ ಫಲವೆಂದು ತೀರ್ಪಾಗುತ್ತಿತ್ತು. ಕಾರಣ ಮತ್ತು ಪರಿಣಾಮವನ್ನು ಅಷ್ಟು ಸಲೀಸಾಗಿ ಜೋಡಿಸುವುದನ್ನು ನಾನು ಸಹಿಸಲಾರೆ. ಅತ್ತೆಯ ಎದುರು ಅದನ್ನು ಹೇಳುವುದೂ ಆಗದು. ಮಗಳು ಕೇಳಿಸಿಕೊಂಡು ಹಾಳೆಯಲ್ಲಿ ಪೆಟ್ಟಿಗೆಗಳನ್ನು ಎಳೆದಳು, ಒಂದೊಂದರ ಕೆಳಗೂ ಸಂಬಂಧವನ್ನು ಜರ್ಮನ್‌ನಲ್ಲಿ ಬರೆದಳು.

ಮಂಡನೆಯ ಕರಡನ್ನು ಮರುದಿನ ನನಗೆ ಕೊಟ್ಟಳು. ನಾನು ಅದನ್ನು ಡೆಸ್ಕಿನಲ್ಲಿ ಮಾಡುತ್ತಿದ್ದಂತೆಯೇ ನೋಡಿದೆ. "ಸಿಂಹಾಸನ ಇವನದೇ" ಎಂದಿದ್ದ ಕಡೆ "ಒಂದು ವಾದದ ಪ್ರಕಾರ ಸಿಂಹಾಸನ ಇವನದಾಗಿರಬಹುದಿತ್ತು" ಎಂದು ತಿದ್ದಿದೆ. "ರಾಣಿಯ ಸೋದರ ಸುಳ್ಳು ಹೇಳಿದ" ಎಂಬುದನ್ನು ಹೊಡೆದು "ಸಾಯುವ ರಾಜನ ಹಾಸಿಗೆಯ ಬಳಿ ಇದ್ದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ರಾಣಿ ಮತ್ತು ಆಕೆಯ ಸೋದರ ಇದ್ದರು ಎನ್ನಲಾಗಿದೆ" ಎಂದು ಹಾಕಿದೆ. ಕೊನೆಗೆ ನನ್ನದೇ ಒಂದು ವಾಕ್ಯ ಸೇರಿಸಿದೆ: ಈ ಘಟನೆಗಳನ್ನು ಬರೆದಿಟ್ಟವರೆಲ್ಲರೂ ಗೆದ್ದವರ ಕಡೆಯವರು. ಅದು ನನಗೆ ಬಹಳ ಚೆನ್ನಾಗಿ ಕಂಡಿತು.

ಮಗಳು ಓದಿದಳು.

"ಪಪ್ಪಾ, ಇದರಲ್ಲಿ ಯಾರಿಗೂ ಏನೂ ಸಿಗಲ್ಲ."

"ನಿಜಾಂಶ ಇದೆ."

"ನಾನು ಅವನ ಲಾಯರ್. ರಿಪೋರ್ಟರ್ ಅಲ್ಲ. ಎಲ್ಲದಕ್ಕೂ 'ಎನ್ನಲಾಗಿದೆ' ಅಂದ್ರೆ ಯಾರು ಓಟ್ ಹಾಕ್ತಾರೆ?"

ನಾನು ಒಪ್ಪಲಿಲ್ಲ. ಅವಳೂ ಒಪ್ಪಲಿಲ್ಲ. ಆದರೆ ವಂಶವೃಕ್ಷದ ಹಾಳೆಯನ್ನು ಕೊಡುವ ಮುಂಚೆ ನಾನು ಪರೀಕ್ಷಿಸಲೇಬೇಕು ಎಂಬ ಷರತ್ತಿಗೆ ಒಪ್ಪಿದಳು. ಇಸವಿಗಳನ್ನು ಎರಡು ಕಡೆ ತಾಳೆ ನೋಡಿದೆ. ಹೆಸರುಗಳ ಅಕ್ಷರ ಒಂದೊಂದಾಗಿ ನೋಡಿದೆ. ಗೆರೆ ಯಾವ ಪೆಟ್ಟಿಗೆಯಿಂದ ಯಾವ ಪೆಟ್ಟಿಗೆಗೆ ಹೋಗಿದೆ ಎಂದು ಬೆರಳಿಟ್ಟು ನೋಡಿದೆ. ಹೆಂಡತಿ ಆಫೀಸಿನಿಂದ ಬಂದವಳು ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಪ್ರಿಂಟು ತೆಗೆದುಕೊಟ್ಟಳು. ಪುಟ ಶುದ್ಧವಾಗಿದೆ ಎಂದು ನಾನು ಮನಸ್ಸಿನಲ್ಲೇ ಸಹಿ ಹಾಕಿದೆ.

ಒಪ್ಪಿಸಿದ ಐದನೆಯ ದಿನ ಹಾಳೆ ವಾಪಸು ಬಂತು. ಹುಡುಗನ ಪೆಟ್ಟಿಗೆಯ ಸುತ್ತ ಕೆಂಪು ವೃತ್ತ. ಕೆಳಗೆ ಮಗಳು "ರಾಜನ ಮೊಮ್ಮಗ" ಎಂದು ಬರೆದಿದ್ದಳು. ಪಕ್ಕದಲ್ಲಿ ಟೀಚರ್ ಜರ್ಮನ್‌ನಲ್ಲಿ ಕೇಳಿದ್ದರು: ರಾಜನಿಗೆ ಮಕ್ಕಳೇ ಇರಲಿಲ್ಲ, ಮೊಮ್ಮಗ ಎಲ್ಲಿಂದ ಬಂದ? ಇದು ಇಡೀ ವಿಷಯದ ಬುಡ. ಹೀಗೇ ಬಂದರೆ ಮೂರು ಕೊಡಲು ನನಗೆ ಕಷ್ಟ.

ಮಗಳು ಬೂಟು ಬಿಚ್ಚದೆ ಬಾಗಿಲಲ್ಲೇ ಅಳುತ್ತಿದ್ದಳು. ಅವಳಿಗೆ ಅಂಕಕ್ಕಿಂತ ಹೆಚ್ಚಾಗಿ ತಟ್ಟಿದ್ದು ಬೇರೆ. ಡ್ಯೂಕ್ ಸಿಕ್ಕಿದ್ದ ಬೆಂಗಳೂರಿನವರ ಮಗ ಹಾಳೆ ನೋಡಿ "ಸೋ ಕ್ಯೂಟ್" ಎಂದಿದ್ದನಂತೆ.

ಹೆಂಡತಿ ಸಂಜೆ ಬಂದು ಹಾಳೆ ನೋಡಿದಳು. "ಹದಿನೆಂಟು ವರ್ಷ ಬ್ಯಾರೆಯವರ ತಪ್ಪು ಹಿಡದ್ರಿ. ಮನ್ಯಾಗಿಂದು ಒಂದು ಕಾಣಲಿಲ್ಲೇನ್ರೀ?"

"ಪ್ರಿಂಟು ತೆಗೆದವಳು ನೀನು."

"ನಾ ಮಾರ್ಜಿನ್ ನೋಡಿದೆ."

"ಏನು ತಪ್ಪದರಾಗ?" ಅತ್ತೆ ಕೇಳಿದರು. "ಅಣ್ಣನ ಮಗಾ ಮಗನ. ಮಗನ ಮಗಾ ಮೊಮ್ಮಗನ. ಆ ಟೀಚರ್ ಬಾಯಿಗೆ ಇಷ್ಟೂ ತಿಳೀಲಿಲ್ಲಂದ್ರ ಸಾಲ್ಯಾಗ ಏನು ಕಲಸ್ತಾಳ?"

ನಾನು ಎದ್ದು ಬಾಲ್ಕನಿಗೆ ಹೋದೆ. ಸಿಟ್ಟು ಬಂದಾಗ ನಾನು ದನಿ ಏರಿಸುವುದಿಲ್ಲ. ತಪ್ಪು ಯಾವ ಹಂತದಲ್ಲಿ ಒಳಗೆ ನುಸುಳಿತು ಎಂದು ಹಿಂದಕ್ಕೆ ಹುಡುಕುತ್ತೇನೆ. ಅದು ಕಚೇರಿಯ ಅಭ್ಯಾಸ. ಅತ್ತೆ ಹೇಳಿದರು, ಮಗಳು ಬರೆದಳು, ಹೆಂಡತಿ ಪ್ರಿಂಟು ತೆಗೆದಳು. ನಾನು ಆ ಪದದ ಮೇಲೆ ಎರಡು ಸಲ ಬೆರಳಿಟ್ಟು ಹೋಗಿದ್ದೇನೆ. ಕಾಗುಣಿತ ಸರಿಯಾಗಿದೆ ಎಂದು ಮುಂದೆ ಸರಿದಿದ್ದೇನೆ. ಅದು ತಪ್ಪು ಎಂದು ನನಗೆ ಅನ್ನಿಸಲೇ ಇಲ್ಲ. ಏಕೆ ಅನ್ನಿಸಲಿಲ್ಲ ಎಂಬುದೂ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಯಿತು. ಅದರಿಂದ ಸಿಟ್ಟು ಇಳಿಯಲಿಲ್ಲ, ನನ್ನ ಕಡೆಗೆ ತಿರುಗಿತು, ಅಷ್ಟೇ.

ನನ್ನ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಮೈಸೂರಿನಲ್ಲಿ ಅವರು ತೀರಿಕೊಂಡಾಗ ಹುಬ್ಬಳ್ಳಿಯಿಂದ ಹೋಗಿ ಕೊಳ್ಳಿ ಇಟ್ಟವನು ನಾನು. ತಲೆ ಬೋಳಿಸಿಕೊಂಡು ಹದಿಮೂರು ದಿನ ಕೂತೆ. ಆ ನಡುವೆ ಪತ್ರಿಕೆಯ ನಿಧನ ವಾರ್ತೆಗೆ ನಾಲ್ಕು ಸಾಲು ಬರೆದು ಫೋನಿನಲ್ಲಿ ಓದಿದವನೂ ನಾನೇ. "ಮೃತರಿಗೆ ಪತ್ನಿ ಮತ್ತು ಒಬ್ಬ ಪುತ್ರ ಇದ್ದಾರೆ." ಆ ಕಡೆಯ ಕಿರಿಯ ಸಹೋದ್ಯೋಗಿ ಬರೆದುಕೊಂಡ. ಮರುದಿನ ಅಚ್ಚಾಯಿತು. ಸೋದರಳಿಯನನ್ನು ಅಳಿಯ ಎಂದು ಬರೆದ ವರದಿಗಾರನನ್ನು ಎಲ್ಲರೆದುರು ನಿಲ್ಲಿಸಿ ಕೇಳಿದವನು ನಾನು. ಈ ಸಾಲು ತಪ್ಪೆಂದು ಅಂದೂ ಅನ್ನಿಸಿರಲಿಲ್ಲ, ಆಮೇಲೂ ಅನ್ನಿಸಿರಲಿಲ್ಲ.

ಒಳಗೆ ಬಂದು ಅದನ್ನು ಮಗಳಿಗೆ ಹೇಳಿದೆ. ಹೇಳಿದ ಉದ್ದೇಶ, ನೋಡು, ಈ ತಪ್ಪು ನಮ್ಮಂಥವರ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಎಚ್ಚರ ಬೇಕು ಎನ್ನುವುದು. ಅವಳು ಕೇಳಿದ್ದು ಬೇರೆ.

"ಪೇಪರಲ್ಲಿ ಹಾಕಿದ್ದು ಸುಳ್ಳಾ ಪಪ್ಪಾ?"

"ಅಲ್ಲ."

"ಹಾಗಾದ್ರೆ ನನ್ನದು ಯಾಕೆ ತಪ್ಪು?"

ಉತ್ತರ ನನ್ನಲ್ಲಿತ್ತು. ಇಲ್ಲಿನ ಲೆಕ್ಕ ಬೇರೆ, ಆ ಕಾಲದ ಇಂಗ್ಲೆಂಡಿನ ಲೆಕ್ಕ ಬೇರೆ, ಪರೀಕ್ಷೆಯಲ್ಲಿ ಕೇಳಿದವರ ಲೆಕ್ಕದಲ್ಲೇ ಉತ್ತರ ಕೊಡಬೇಕು. ಹೇಳಿದೆ ಕೂಡ. ಆದರೆ ಹೇಳುವ ಮುಂಚೆ ಆ ಪದದ ಮೇಲೆ ಮೂರನೆಯ ಸಲ ಬೆರಳಿಟ್ಟೆ. ಅವಳು ಆ ಬೆರಳನ್ನು ನೋಡಿಕೊಂಡಳು.

ಟೀಚರನ್ನು ನಾನೇ ಹೋಗಿ ಕಾಣುತ್ತೇನೆ ಎಂದೆ. ಮಗಳು ಜರ್ಮನ್‌ನಲ್ಲಿ ಬೇಡ ಎಂದಳು, ಆಮೇಲೆ ಇಂಗ್ಲಿಷ್‌ನಲ್ಲಿ ಬೇಡ ಎಂದಳು, ನಾನು ಡೈರಿ ತೆಗೆದದ್ದು ಕಂಡು ಕನ್ನಡದಲ್ಲಿ "ದಯವಿಟ್ಟು ಬೇಡ" ಎಂದಳು. ಹೆಂಡತಿ ಅವಳ ಪರ ನಿಂತಳು. ಅತ್ತೆ ತಾವೇ ಬಂದು ಹೇಳುವುದಾಗಿ ಹೊರಟರು. ಅವರನ್ನು ತಡೆಯಲು ನಾವು ಮೂವರೂ ಒಂದಾಗಬೇಕಾಯಿತು. ಆ ವಾರದ ಏಕೈಕ ಒಮ್ಮತ ಅದು.

ಹಾಳೆಯನ್ನು ಅವಳು ಒಬ್ಬಳೇ ತಿದ್ದಿದಳು. ಅಣ್ಣನ ಮೊಮ್ಮಗನಿಗೆ ಜರ್ಮನ್‌ನಲ್ಲಿ ಬೇರೆಯೇ ಹೆಸರಿದೆ, ಅದನ್ನು ಹಾಕಿದ್ದಾಳೆ ಎಂಬುದಷ್ಟೇ ನನಗೆ ಗೊತ್ತಾಯಿತು. ಭಾಷಣ ತೋರಿಸಲಿಲ್ಲ. ಕೇಳಿದರೆ, "ನೀನು ಮತ್ತೆ 'ಎನ್ನಲಾಗಿದೆ' ಹಾಕ್ತೀಯ" ಎಂದು ಬಾಗಿಲು ಹಾಕಿಕೊಂಡಳು.

ಗುರುವಾರ ಎರಡನೆಯ ಪೀರಿಯಡ್‌ಗೆ ರೆಫೆರಾಟ್ ಇತ್ತು. ಅತ್ತೆ ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು. "ಈಗ ಮುಗದಿರಬೇಕಲ್ರೀ ಅಳಿಯಂದ್ರ?" ಎಂದು ಒಂಬತ್ತಕ್ಕೇ ಕೇಳಿದರು. ಬೆಂಗಳೂರಿನವರು ಹನ್ನೊಂದು ಗಂಟೆಗೆ ಮೆಸೇಜು ಹಾಕಿದರು: "ಏನಾದ್ರೂ ಗೊತ್ತಾಯ್ತಾ ಗುರು? ನಮ್ಮವನದು ನಲವತ್ತು ಸ್ಲೈಡು. ಐದೇ ನಿಮಿಷ ಅಂತೆ, ಟೆನ್ಷನ್."

ಮಗಳು ಒಂದೂಮುಕ್ಕಾಲಿಗೆ ಬಂದಳು. ಬೂಟು ಬಿಚ್ಚಿದಳು, ಕೈ ತೊಳೆದಳು, ಅನ್ನ ಸಾರು ಬಡಿಸಿಕೊಂಡಳು. ಅರ್ಧ ತಟ್ಟೆ ಖಾಲಿ ಮಾಡಿದಳು. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಡ್ಯೂಕ್‌ಗೆ ಹನ್ನೊಂದು ಓಟು," ಎಂದಳು ಕೊನೆಗೆ. "ರಾಣಿ ಬ್ರದರ್‌ಗೆ ಒಂಬತ್ತು. ನನಗೆ ಆರು. ನಾರ್ವೆಗೆ ಒಂದು, ಅದು ನಾರ್ವೆ ಪರ ಮಾತಾಡಿದವಳೇ ಹಾಕಿಕೊಂಡಿದ್ದು."

"ಹುಡುಗಗ ರಾಜ್ಯ ಸಿಗಲಿಲ್ಲ?" ಅತ್ತೆಯ ದನಿ ಇಳಿಯಿತು.

"ಇಲ್ಲ ಅಜ್ಜಿ."

"ನೀ ಸೂತಕದ್ದು ಹೇಳಿದ್ಯೋ ಇಲ್ಲೋ?"

"ಹೇಳಿದೆ." ಅವಳು ಚಮಚ ಕೆಳಗಿಟ್ಟಳು. "ಮೊದಲು ನನ್ನ ತಪ್ಪು ತೋರಿಸಿದೆ. ಹಳೇ ಹಾಳೆಯನ್ನೇ ಬೋರ್ಡ್ ಮೇಲೆ ಹಾಕಿದೆ, ಕೆಂಪು ಸರ್ಕಲ್ ಜೊತೆಗೇ. ನಮ್ಮ ಮನೆಯಲ್ಲಿ ಹೀಗೆ ಲೆಕ್ಕ ಹಾಕ್ತಾರೆ, ಅಣ್ಣನ ಮಗ ಮಗನೇ, ಮಕ್ಕಳಿಲ್ಲದವರು ಸತ್ತರೆ ಅವನೇ ಎಲ್ಲ ಮಾಡಬೇಕು, ನಮ್ಮ ಪಪ್ಪಾ ತಲೆ ಬೋಳಿಸಿಕೊಂಡು ಮಾಡಿದ್ದಾರೆ ಅಂದೆ. ಇಂಗ್ಲೆಂಡಲ್ಲಿ ಈ ಹುಡುಗನನ್ನು ಹೂಳುವ ದಿನ ಯಾರಾದರೂ ಕರೆದರಾ ಅಂತ ಯಾವ ಪುಸ್ತಕದಲ್ಲೂ ಇಲ್ಲ ಅಂದೆ. ಅವತ್ತೇ ಕಿರೀಟ ಇಟ್ಟುಕೊಂಡವರಿಗೆ ಏನು ಅರ್ಜೆಂಟ್ ಇತ್ತು, ಕೇಳಿ ಅಂದೆ. ರಾಣಿ ಬ್ರದರ್ ಆಗಿದ್ದವಳು ತನ್ನ ನೋಟ್ಸ್ ಹುಡುಕಿದಳು."

"ಟೀಚರ್?" ನಾನು ಕೇಳಿದೆ.

"ಬರೆದುಕೊಂಡ್ರು."

"ಅಂಕ?"

ಅವಳು ಚೀಲದಿಂದ ಭಾಷಣದ ಹಾಳೆ ತೆಗೆದು ನನ್ನ ಮುಂದೆ ಇಟ್ಟಳು. ಮೇಲೆ ಬಲಗಡೆ ಕೆಂಪು ಶಾಯಿಯಲ್ಲಿ ಮೂರು ಎಂದಿತ್ತು. ಪಕ್ಕದಲ್ಲಿ ಒಂದು ಮೈನಸ್. ಮೈನಸ್ ಇದ್ದರೂ ಮೂರು ಮೂರೇ ಎಂದು ಅವಳು ಜರ್ಮನ್‌ನಲ್ಲಿ ಮೂರು ಸಲ ಹೇಳಿದಳು. ಎಂಟನೆಯ ಕ್ಲಾಸಿನಲ್ಲಿ ಗೆಳತಿಯರು ಯಾವ ಬೆಂಚಿನಲ್ಲಿ ಕೂರಬೇಕೆಂದೂ ಬಸ್ಸಿನಲ್ಲೇ ತೀರ್ಮಾನ ಆಗಿತ್ತು.

ಸಂಜೆಯ ಹೊತ್ತಿಗೆ ಆ ಮೂರಕ್ಕೆ ಹಕ್ಕುದಾರರು ಎದ್ದರು. ಅತ್ತೆ, ಸೂತಕ ತಮ್ಮದು ಎಂದರು. ಹೆಂಡತಿ, ತಾನು ಮಾರ್ಜಿನ್ ಸರಿ ಮಾಡದಿದ್ದರೆ ಬೋರ್ಡಿನ ಮೇಲೆ ಏನೂ ಕಾಣುತ್ತಿರಲಿಲ್ಲ ಎಂದಳು. ಬೆಂಗಳೂರಿನವರು ಫೋನು ಮಾಡಿ, ತಮ್ಮ ಮಗನ ನಲವತ್ತು ಸ್ಲೈಡಿನಲ್ಲಿ ಹದಿನೇಳಕ್ಕೇ ಟೈಮ್ ಮುಗಿಯಿತೆಂದೂ, ಅದರಿಂದ ನಮ್ಮವಳಿಗೆ ಅಡ್ವಾಂಟೇಜ್ ಆಯಿತೆಂದೂ, ಆದರೂ ಓಟಿನಲ್ಲಿ ಗೆದ್ದದ್ದು ಡ್ಯೂಕೇ ಎಂದೂ ಹೇಳಿದರು.

ಹಾಳೆಗೆ ಪೋಷಕರ ಸಹಿ ಬೇಕಿತ್ತು. ನಾನು ಪೆನ್ನು ಹಿಡಿದು ಅದನ್ನು ಮೊದಲಿನಿಂದ ಓದಿದೆ. ನಾನು ತಿದ್ದಿದ ಕರಡಿನಿಂದ ಏನೇನು ಉಳಿದಿದೆ ಎಂದು ಹುಡುಕಿದೆ. ಒಂದು "ಎನ್ನಲಾಗಿದೆ" ಕೂಡ ಇರಲಿಲ್ಲ. ಕೊನೆಯ ಸಾಲು ಮಾತ್ರ ಹಾಗೇ ಇತ್ತು: ಬರೆದಿಟ್ಟವರೆಲ್ಲರೂ ಗೆದ್ದವರ ಕಡೆಯವರು. ಅದರ ಪಕ್ಕ ಟೀಚರ್ ಒಂದು ಅಲೆಯಂಥ ಗೆರೆ ಎಳೆದು ಕೇಳಿದ್ದರು: ಮೂಲ ಯಾವುದು? ಮೈನಸ್ ಬಿದ್ದದ್ದು ಅದಕ್ಕೆ.

ಕೆಳಗೆ ಮೂಲಗಳ ಪಟ್ಟಿ ಇತ್ತು. ಶಾಲೆಯ ಪುಸ್ತಕ, ಒಂದು ಗ್ರಂಥಾಲಯದ ಪುಸ್ತಕ, ಆಮೇಲೆ "ನನ್ನ ಅಜ್ಜಿ, ಬಾಯಿಮಾತು", "ನನ್ನ ಅಪ್ಪ, ಬಾಯಿಮಾತು, ಸ್ವತಃ ಮಾಡಿದವರು". ಆ ಎರಡರ ಪಕ್ಕದಲ್ಲೂ ಸರಿ ಗುರುತು ಬಿದ್ದಿತ್ತು.

ನಾನು ಸಹಿ ಹಾಕುವ ಮೊದಲು ಗ್ರಂಥಾಲಯದ ಪುಸ್ತಕ ತೆರೆದು ನೋಡಿದೆ. ಸೋತವರ ಕಡೆಯ ಸನ್ಯಾಸಿಗಳೂ ಆ ವರ್ಷದ್ದನ್ನು ಬರೆದಿಟ್ಟಿದ್ದರು; ಮಠದಲ್ಲಿ ಕೂತು, ತಮ್ಮದೇ ಭಾಷೆಯಲ್ಲಿ. ಅಂದರೆ ನನ್ನ ವಾಕ್ಯ ತಪ್ಪು. ಟ್ರೈನಿ ಹುಡುಗನೊಬ್ಬ ಇಂಥದ್ದನ್ನು ತಂದಿದ್ದರೆ ನಾನು ಪುಟ ನಿಲ್ಲಿಸಿ ಬೈಯುತ್ತಿದ್ದೆ.

"ಏನ್ರೀ ಅಳಿಯಂದ್ರ, ಇಷ್ಟೊತ್ತು?" ಅತ್ತೆ ಕೇಳಿದರು. "ಒಂದು ಸಹಿ ಹಾಕಾಕ?"

"ಆ ಹುಡುಗ ಆಮೇಲೆ ಏನಾದ ಅಂತ ನೋಡ್ತಿದ್ದೆ," ಎಂದೆ.

"ಏನಾದ?"

ಮಗಳು ನನಗಿಂತ ಮುಂಚೆ ಉತ್ತರಿಸಿದಳು. ರಾಣಿಯ ಸೋದರನೂ ನಾರ್ವೆಯ ರಾಜನೂ ಅದೇ ವರ್ಷ ಯುದ್ಧದಲ್ಲಿ ಸತ್ತರು, ಡ್ಯೂಕ್ ಇಪ್ಪತ್ತೊಂದು ವರ್ಷ ಆಳಿ ಸತ್ತ, ಹುಡುಗ ಅದಾದ ಮೇಲೂ ಎಷ್ಟೋ ವರ್ಷ ಇದ್ದು ಮುದುಕನಾದ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. "ಮದಿವಿ ಆಗಿತ್ತೇನು ಅವಂದು? ಮಕ್ಕಳು?"

ಮಗಳು ನನ್ನ ಕಡೆ ನೋಡಿದಳು. ಪುಸ್ತಕದಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ.

"ಗೊತ್ತಿಲ್ಲ ಅಂತ ಹೇಳು," ಎಂದೆ. "ಊಹೆ ಮಾಡಬೇಡ."